ಲ್ವಾರ್ ಹೊಳೆಯನ್ನು ಮೇಲಕ್ಕೆ ತುಳಿಯಿರಿ

ನಮಸ್ಕಾರ ಕೇಳುಗರೇ.

ಸೈಕಲ್ ತುಳಿಯುವವರಿಗೆ ಮೊದಲು ಒಂದು ಪ್ರಶ್ನೆ. ಹೊಳೆ ದಂಡೆಯಲ್ಲಿ ದಾರಿ ಇದೆ ಅಂತಿಟ್ಟುಕೊಳ್ಳಿ. ಹೊಳೆ ಹರಿದು ಹೋಗುವ ಕಡೆಗೆ ಹೋಗುತ್ತೀರೋ, ಹರಿದು ಬರುವ ಕಡೆಗೋ? ಹೋಗುವ ಕಡೆಗೆ ಅಂತ ತಾನೇ? ನೀರು ಇಳಿಯುವ ಕಡೆ ನಾವೂ ಇಳಿಯಬಹುದು, ಪೆಡಲ್ ಮೇಲೆ ಕಾಲಿಟ್ಟು ಸುಮ್ನೆ ಕೂತರೆ ಸಾಕು. ನಾನೂ ಹಾಗಂದುಕೊಂಡೇ ಫ್ರಾನ್ಸಿನ ಲ್ವಾರ್ ಹೊಳೆ ದಂಡೆಗೆ ಹೋದೆ, ನಾಲ್ಕು ದಿನ ಎದುರು ಗಾಳಿಗೆ ಮುಖ ಕೊಟ್ಟು ಮಂಡಿ ನೋಯಿಸಿಕೊಂಡೆ, ಐದನೇ ದಿನ ರೈಲು ಹತ್ತಿ ವಾಪಸ್ ಬಂದೆ. ಎರಡು ವರ್ಷ ಬಿಟ್ಟು ಅದೇ ದಾರಿಯನ್ನು ಸಮುದ್ರದ ಕಡೆಯಿಂದ ಶುರು ಮಾಡಿದೆ. ಇವತ್ತು ಹೇಳುತ್ತಿರುವುದು ಆ ಎರಡನೇ ಸಲದ ಕತೆ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರಿಗಿಂತ ತುಸು ಜಾಸ್ತಿ. ದಕ್ಷಿಣದ ಗುಡ್ಡಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುತ್ತದೆ, ಓರ್ಲೆಆಂ ಊರಿನ ಹತ್ತಿರ ಬಾಗಿ ಪಶ್ಚಿಮಕ್ಕೆ ತಿರುಗುತ್ತದೆ, ಅಲ್ಲಿಂದ ಅಟ್ಲಾಂಟಿಕ್ ಸಮುದ್ರ ಸೇರುವವರೆಗೂ ಹೆಚ್ಚುಕಡಿಮೆ ಅದೇ ದಿಕ್ಕು. ಈ ತಿರುವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಇದರ ದಂಡೆಯಲ್ಲಿ 'ಲ್ವಾರ್ ಆ ವೆಲೋ' ಅನ್ನುವ ಸೈಕಲ್ ದಾರಿ ಇದೆ. ವೆಲೋ ಅಂದರೆ ಸೈಕಲ್. ನೆವೆರ್ ಊರಿನ ಹತ್ತಿರದ ಕ್ಯುಫಿಯಿಂದ ಸಮುದ್ರದ ಬದಿಯ ಸ್ಯಾಂ ಬ್ರೆವ್ಯಾಂವರೆಗೆ ಸುಮಾರು 900 ಕಿಲೋಮೀಟರ್. ಯೂರೋವೆಲೋ 6 ಅಂತ ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ದೊಡ್ಡ ದಾರಿಯೊಂದಿದೆ, ಅದರದೇ ಒಂದು ತುಂಡು ಇದು. ಕಾಲಲ್ಲಿ ಕಸುವಿದ್ದರೆ ರುಮೇನಿಯಾದವರೆಗೂ ತುಳಿಯಬಹುದು. ನನ್ನ ಕಾಲಲ್ಲಿ ಇಲ್ಲ.

ಈಗ ಇಳಿಜಾರಿನ ಲೆಕ್ಕಕ್ಕೆ ಬರೋಣ. ಕ್ಯುಫಿಯ ಹತ್ತಿರ ಹೊಳೆ ಸಮುದ್ರಮಟ್ಟಕ್ಕಿಂತ ಸುಮಾರು 170 ಮೀಟರ್ ಎತ್ತರದಲ್ಲಿದೆ. ಅದನ್ನು 900 ಕಿಲೋಮೀಟರಿಗೆ ಹಂಚಿ. ಒಂದು ಕಿಲೋಮೀಟರಿಗೆ ಇಪ್ಪತ್ತು ಸೆಂಟಿಮೀಟರೂ ಬರುವುದಿಲ್ಲ! ಇದನ್ನು ಇಳಿಜಾರು ಅಂತ ನಂಬಿಕೊಂಡು ನಾನು ವಿಮಾನ ಹತ್ತಿದ್ದೆ. ಇಳಿಜಾರಿಲ್ಲ, ಆದರೆ ಗಾಳಿ ಇದೆ. ಸಮುದ್ರದಿಂದ ಒಳನಾಡಿಗೆ, ಪಶ್ಚಿಮದಿಂದ ಪೂರ್ವಕ್ಕೆ, ಬಯಲಿನ ಮೇಲೆ ಯಾವ ತಡೆಯೂ ಇಲ್ಲದೆ ಬೀಸುತ್ತದೆ.

ಮೊದಲ ಸಲ ಸೋಮ್ಯೂರ್ ಹತ್ತಿರ ಟೆಂಟ್ ಹಾಕಿ ಮಂಡಿಗೆ ಮುಲಾಮು ತಿಕ್ಕುತ್ತಾ ಕೂತಿದ್ದಾಗ ಪಕ್ಕದ ಟೆಂಟಿನ ಅಜ್ಜ ನನ್ನ ನೋಡಿ ನಕ್ಕರು. ನೀರಿನ ಕಡೆ ಕೈ ತೋರಿಸಿದರು. ದಡದಲ್ಲಿ ಒಂದು ಹಳೇ ಕಾಲದ ದೋಣಿ, ತಳ ಚಪ್ಪಟೆ, ನಡುವೆ ದೊಡ್ಡ ಚೌಕದ ಹಾಯಿ. ನನ್ನ ಹರಕು ಫ್ರೆಂಚ್‌ಗೆ ಅರ್ಥವಾಗಿದ್ದು ಇಷ್ಟು. ಈ ದೋಣಿಗಳು ಸಮುದ್ರದ ಕಡೆ ಹೋಗುವಾಗ ಹಾಯಿ ಬಿಚ್ಚುತ್ತಿರಲಿಲ್ಲ, ಹರಿವಿನಲ್ಲಿ ತೇಲುತ್ತಾ ಹೋಗುತ್ತಿದ್ದವು. ಹಾಯಿ ಬೇಕಾಗಿದ್ದು ವಾಪಸ್ ಬರುವಾಗ. ಸರಕು ತುಂಬಿದ ದೋಣಿಗಳನ್ನು ಒಂದರ ಹಿಂದೊಂದು ಕಟ್ಟಿ, ಪಶ್ಚಿಮದ ಗಾಳಿ ಹಿಡಿದು, ಹರಿವಿಗೆ ಎದುರಾಗಿ ನೂರಾರು ಕಿಲೋಮೀಟರ್ ಮೇಲಕ್ಕೆ ಬರುತ್ತಿದ್ದರು. ಉಪ್ಪು, ಸಕ್ಕರೆ, ವೈನ್, ಎಲ್ಲ ಹಾಗೇ. ಅಲ್ಲ, ಅಷ್ಟು ಭಾರದ ದೋಣಿಯನ್ನೇ ತಳ್ಳುವ ಗಾಳಿಗೆ ನಾನು ಎದೆ ಕೊಟ್ಟು ಹೊರಟಿದ್ದೆನಲ್ಲ!

ಹಾಗಾಗಿ ಸ್ಯಾಂ ಬ್ರೆವ್ಯಾಂನಿಂದ ಶುರು ಮಾಡಿ. ಅಲ್ಲಿ ಕಡಲ ಅಂಚಿನಲ್ಲಿ ದೊಡ್ಡದೊಂದು ಹಾವಿನ ಅಸ್ಥಿಪಂಜರ ಮಲಗಿದೆ. ಹುವಾಂಗ್ ಯೋಂಗ್ ಪಿಂಗ್ ಅನ್ನುವ ಕಲಾವಿದ 2012ರಲ್ಲಿ ಲೋಹದಲ್ಲಿ ಮಾಡಿದ್ದು, ನೂರು ಮೀಟರಿಗಿಂತ ಉದ್ದ. ಉಬ್ಬರ ಬಂದಾಗ ಮುಳುಗುತ್ತದೆ, ಇಳಿದಾಗ ಒಂದೊಂದೇ ಪಕ್ಕೆಲುಬು ಕಾಣಿಸುತ್ತದೆ. ಅದನ್ನು ನೋಡಿ ಸೈಕಲ್ ತಿರುಗಿಸಿ. ನಾಂತ್ ನಗರ ದಾಟುವವರೆಗೆ ದಾರಿ ಚೆನ್ನಾಗಿದೆ, ಅಷ್ಟೆ. ಮಜಾ ಇರುವುದು ನಾಂತ್ ದಾಟಿದ ಮೇಲೆ, ಆಂಜೆವರೆಗಿನ ಹಳ್ಳಿಗಾಡಿನಲ್ಲಿ. ಹೊಳೆ ಅಗಲ, ಆಳ ಕಡಿಮೆ, ನಡುವೆ ಮರಳಿನ ದಿಬ್ಬಗಳು, ಅವುಗಳ ಮೇಲೆ ಸಣ್ಣ ಬಿಳಿ ಹಕ್ಕಿಗಳು. ನೋಡಲು ಮಂಡಿಯುದ್ದ ನೀರು ಅನ್ನಿಸುತ್ತದೆ. ಈಜಲು ಮಾತ್ರ ಇಳಿಯಬೇಡಿ. ಮರಳು ಕಾಲ ಕೆಳಗೆ ಜಾರುತ್ತದೆ, ಒಳಗೆ ಸೆಳೆತ ಜಾಸ್ತಿ.

ಅನೇಕ ಕಡೆ ದಾರಿ ಹೋಗುವುದು ಏರಿಯ ಮೇಲೆ. ನಮ್ಮಲ್ಲಿ ಕೆರೆಗೆ ಏರಿ ಇದೆಯಲ್ಲ, ಹಾಗೆ ಅಲ್ಲಿ ಹೊಳೆಗೇ ಏರಿ ಕಟ್ಟಿದ್ದಾರೆ, ಮೈಲಿಗಟ್ಟಲೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ತೋಟ, ಮನೆಗಳ ಹೆಂಚು ನಮ್ಮ ಕಣ್ಣಿನ ಮಟ್ಟಕ್ಕೆ. ಮಧ್ಯಯುಗದಿಂದಲೂ ಇದನ್ನು ಎತ್ತರಿಸುತ್ತಲೇ ಬಂದಿದ್ದಾರೆ, ಆದರೂ 1846, 1856, 1866, ಹತ್ತತ್ತು ವರ್ಷಕ್ಕೆ ಸರಿಯಾಗಿ ಮೂರು ಸಲ ದೊಡ್ಡ ನೆರೆ ಬಂತು, ಏರಿ ಒಡೆಯಿತು. ಊರೂರಲ್ಲಿ ಗೋಡೆ, ಸೇತುವೆಗಳ ಮೇಲೆ ಗೆರೆ ಕೊರೆದು ಇಸವಿ ಬರೆದಿದ್ದಾರೆ. ಸೈಕಲ್ ಒರಗಿಸಿ ನಿಂತು ನೋಡಿದರೆ ಕೆಲವು ಗೆರೆಗಳು ನನ್ನ ತಲೆಗಿಂತ ಮೇಲೆ. ಆಂಜೆ ಹತ್ತಿರ ಬೆವಾರ್ ಅಂತ ನಡುಗಡ್ಡೆಯ ಹಳ್ಳಿ ಇದೆ, ಬಂಡೆಯೊಂದರ ಮೇಲೇ ಚರ್ಚ್ ಕಟ್ಟಿದ್ದಾರೆ, ಒಳಗೆ ಹೋದರೆ ಗೋಡೆಯ ಜಾಗದಲ್ಲಿ ಬಂಡೆಯೇ ಕಾಣುತ್ತದೆ. ಆ ಊರಿಗೆ ಅರ್ಧ ದಿನ ಕೊಡಿ.

ಸೋಮ್ಯೂರ್ ಸುತ್ತಮುತ್ತ ಬಿಳಿ ಸುಣ್ಣದ ಕಲ್ಲಿನ ನಾಡು. ತುಫೋ ಅನ್ನುತ್ತಾರೆ, ಎಷ್ಟು ಮೆತ್ತಗೆ ಅಂದರೆ ಉಗುರಲ್ಲಿ ಗೀರಬಹುದು. ಅರಮನೆಗಳಿಗೆ ಇದೇ ಕಲ್ಲು ಹೋಯಿತು. ಕಲ್ಲು ತೆಗೆದ ಗವಿಗಳು ಉಳಿದವು, ಅವುಗಳಲ್ಲಿ ಜನ ಸಂಸಾರ ಮಾಡಿದರು, ಈಗ ಅಣಬೆ ಬೆಳೆಯುತ್ತಾರೆ, ವೈನ್ ಇಡುತ್ತಾರೆ, ಹೋಟೆಲ್ ನಡೆಸುತ್ತಾರೆ. ಇಂಥ ಒಂದು ಗವಿ ಹೋಟೆಲಿನಲ್ಲಿ ಫೂಏ ತಿಂದೆ. ಸೌದೆ ಒಲೆಯಲ್ಲಿ ಸುಟ್ಟ ಪುಟ್ಟ ರೊಟ್ಟಿ, ಪೂರಿಯ ಹಾಗೆ ಉಬ್ಬಿರುತ್ತದೆ. ಬಿಸಿ ಇರುವಾಗಲೇ ಸೀಳಿ ಒಳಗೆ ಬೆಣ್ಣೆ, ಬಿಳಿ ಹುರುಳಿಕಾಯಿ ಬೀಜದ ಪಲ್ಯ, ಮೇಕೆ ಹಾಲಿನ ಚೀಸ್ ತುಂಬಿ ತಿನ್ನುವುದು. ಏಳು ತಿಂದೆ. ಸಸ್ಯಾಹಾರಿಗಳು ಆ ಪಲ್ಯಕ್ಕೆ ಹಂದಿ ಮಾಂಸ ಹಾಕಿದ್ದಾರಾ ಅಂತ ಕೇಳಿಕೊಳ್ಳಿ, ಸಂಕೋಚ ಬೇಡ.

ಊಟದ ಮಾತು ಬಂತು, ಹೇಳಿಬಿಡುತ್ತೇನೆ. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆ ಅಂಗಡಿ ಮುಚ್ಚಿರುತ್ತದೆ, ಬೇಕರಿಗಳು ಸೋಮವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ. ಭಾನುವಾರ ಸಂಜೆಯೇ ಬ್ರೆಡ್ ಚೀಲದಲ್ಲಿರಲಿ. ಕುಡಿಯುವ ನೀರು ಬೇಕೆಂದರೆ ಅಲ್ಲಿನ ಸೈಕಲ್‌ನವರು ಹೋಗುವುದು ಸ್ಮಶಾನಕ್ಕೆ! ಗೋರಿಗಳ ಹೂಗಿಡಕ್ಕೆ ನೀರು ಹಾಕಲು ಬಾಗಿಲ ಹತ್ತಿರ ನಲ್ಲಿ ಇರುತ್ತದೆ. ನನಗೆ ಮೊದಲ ದಿನ ಬಾಟಲಿ ಹಿಡಿಯಲು ಕೈ ಬರಲಿಲ್ಲ, ಮೂರನೇ ದಿನಕ್ಕೆ ದೂರದಿಂದಲೇ ಗೋರಿ ಹುಡುಕುತ್ತಿದ್ದೆ. ಕುಡಿಯುವ ನೀರಲ್ಲ ಅಂತ ಬೋರ್ಡ್ ಇದ್ದರೆ ಮಾತ್ರ ಬಿಟ್ಟುಬಿಡಿ. ಮಲಗಲು ಹೆಚ್ಚಿನ ಊರುಗಳಲ್ಲಿ ಟೆಂಟ್ ಹಾಕುವ ಜಾಗ ಇದೆ. 'ಆಕೈ ವೆಲೋ' ಅನ್ನುವ ಗುರುತು ಇರುವ ವಸತಿಗಳು ದಾರಿಯಿಂದ ಐದು ಕಿಲೋಮೀಟರ್ ಒಳಗೇ ಇರುತ್ತವೆ, ಸೈಕಲ್‌ಗೆ ಬೀಗದ ಜಾಗ ಕೊಡುತ್ತಾರೆ, ಪಂಕ್ಚರ್ ಹಾಕಲು ಸಾಮಾನು ಇಟ್ಟಿರುತ್ತಾರೆ.

ಅರಮನೆಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಅದನ್ನು ಹೇಳಲು ಸಾವಿರ ಜನ ಇದ್ದಾರೆ. ಆಂಬ್ವಾಸ್‌ನಲ್ಲಿ ಲಿಯೊನಾರ್ಡೊ ದಾ ವಿಂಚಿ ಕೊನೆಯ ಮೂರು ವರ್ಷ ಇದ್ದು 1519ರಲ್ಲಿ ತೀರಿಕೊಂಡ ಮನೆ ನೋಡಿ. ಅದೇ ವರ್ಷ ಶುರುವಾದ ಷಾಂಬೋರ್ ಅರಮನೆಗೆ ಕಾಡಿನೊಳಗಿಂದ ಸೈಕಲ್‌ನಲ್ಲಿ ಹೋಗುವುದೇ ಚೆಂದ, ಕಾಡಿನ ಸುತ್ತ 32 ಕಿಲೋಮೀಟರ್ ಗೋಡೆ. ಇಷ್ಟೆಲ್ಲ ಕಟ್ಟಿಸಿದ ದೊರೆ ಮೊದಲನೇ ಫ್ರಾನ್ಸ್ವಾ ಅಲ್ಲಿ ಇದ್ದಿದ್ದು ಕೆಲವೇ ವಾರ. ಇನ್ನೊಂದು ಮಾತು. ಪೋಸ್ಟರುಗಳಲ್ಲಿ ಕಾಣದ ಕಟ್ಟಡಗಳೂ ಈ ಹೊಳೆಗಿವೆ. ದಂಡೆಯಲ್ಲಿ ನಾಲ್ಕು ಅಣು ವಿದ್ಯುತ್ ಸ್ಥಾವರ. ಬ್ಲ್ವಾ ದಾಟಿ ಓರ್ಲೆಆಂಗೆ ಹೋಗುವಾಗ ಒಂದು ಸಿಕ್ಕೇ ಸಿಗುತ್ತದೆ, ಆವಿ ಮೇಲೇಳುತ್ತಿರುತ್ತದೆ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನಾನು ಅದನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದೆ.

ಗಾಳಿ ದಿನಾ ನಮ್ಮ ಮಾತು ಕೇಳುತ್ತದೆ ಅಂತಲ್ಲ. ಬೇಸಿಗೆಯಲ್ಲಿ ಆಕಾಶ ತಿಳಿಯಾಗಿ ಸೆಖೆ ಏರಿದಾಗ ಪೂರ್ವದಿಂದಲೂ ಬೀಸುತ್ತದೆ. ನನಗೂ ಎರಡು ದಿನ ಹಾಗಾಯಿತು. ಆದರೆ ಒಟ್ಟು ಲೆಕ್ಕದಲ್ಲಿ ಹಾಯಿದೋಣಿಯವರೇ ಸರಿ.

ಆಗ ಹೇಳಿದ ತಿರುವು ಓರ್ಲೆಆಂನದು. ಅಲ್ಲಿಂದ ಮೇಲೆ ಹೊಳೆ ದಕ್ಷಿಣಕ್ಕೆ ತಿರುಗುವುದರಿಂದ ಗಾಳಿ ಬೆನ್ನಿಗೆ ಸಿಗುವುದಿಲ್ಲ, ಪಕ್ಕಕ್ಕೆ ಬಡಿಯುತ್ತದೆ. ದೋಣಿಯವರೂ ಪ್ಯಾರಿಸ್‌ಗೆ ಹೋಗುವ ಸರಕನ್ನು ಇಲ್ಲೇ ಇಳಿಸಿ ಗಾಡಿಗೆ ತುಂಬುತ್ತಿದ್ದರು. ದಾರಿಯಲ್ಲಿ ವಾರಗಟ್ಟಲೆ ಕುಲುಕಿ ಹುಳಿಯಾದ ವೈನ್ ಪೀಪಾಯಿಗಳು ಮುಂದೆ ಹೋಗುತ್ತಿರಲಿಲ್ಲ, ಊರಿನವರು ಅದರಿಂದ ವಿನೆಗರ್ ಮಾಡಿದರು. 1394ರಷ್ಟು ಹಿಂದೆಯೇ ಇಲ್ಲಿ ವಿನೆಗರ್ ಮಾಡುವವರ ಸಂಘ ಇತ್ತು, ಈಗಲೂ ಓರ್ಲೆಆಂ ವಿನೆಗರ್ ಅಂದರೆ ಹೆಸರುವಾಸಿ. ನಾನೂ ಅಲ್ಲಿಗೇ ನಿಲ್ಲಿಸಿದೆ. ಒಂದು ಬಾಟಲಿ ಕೊಂಡು ಸೈಕಲ್ ಚೀಲಕ್ಕೆ ತುರುಕಿ ಪ್ಯಾರಿಸ್ ರೈಲು ಹತ್ತಿದೆ. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಆ ಅಂಗಿ ಇನ್ನೂ ಇದೆ, ಎರಡು ಸಲ ಸೋಪು ಹಾಕಿದರೂ ವಾಸನೆ ಹೋಗಿಲ್ಲ.

ನಮಸ್ಕಾರ.