ಹಾರ್ಲಿಕ್ಸ್ ಬಾಟ್ಲಿ ಬೇಡ, ಎರಡು ಗಂಟೆ ಬಂದು ಕೂತ್ಕೊಳ್ಳಿ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಭಾರದ ವಿಷ್ಯ, ಆದ್ರೂ ಕೇಳಿ.

ನಮ್ ದೊಡ್ಡಪ್ಪಂಗೆ ಬಾಯಿ ಕ್ಯಾನ್ಸರ್ ಆಗಿತ್ತು. ಇನ್ನು ಕೀಮೋ ಬೇಡ, ಮನೇಲಿ ಚೆನ್ನಾಗ್ ನೋಡ್ಕೊಳ್ಳಿ ಅಂತ ಡಾಕ್ಟ್ರು ಕಳಿಸಿದ್ಮೇಲೆ ಜನ ಬಂದಿದ್ದೇ ಬಂದಿದ್ದು. ಎಲ್ಲರ ಕೈಲೂ ಒಂದ್ ಹಾರ್ಲಿಕ್ಸ್ ಬಾಟ್ಲಿ, ಒಂದ್ ಡಜನ್ ಬಾಳೆಹಣ್ಣು, ಅವ್ರಿಗೆ ನೀರು ನುಂಗೋದೇ ಕಷ್ಟ ಇತ್ತು ಅನ್ನೋದು ಬೇರೆ ಮಾತು. ದೊಡ್ಡಮ್ಮ ಬಂದೋರಿಗೆಲ್ಲ ಕಾಫಿ ಕಾಯ್ಸಿ, ಅದೇ ಕಥೆನ ಮೊದ್ಲಿಂದ ಹೇಳಿ, ಅವ್ರು ಅತ್ರೆ ಇವ್ರೇ ಸಮಾಧಾನ ಮಾಡಿ ಕಳಿಸ್ಬೇಕು!

ಹೋಗೋವಾಗ ಸುಮ್ನೆ ಹೋಗ್ತಾರಾ, "ಇನ್ನೊಂದ್ ಕಡೆ ತೋರ್ಸಬೇಕಿತ್ತು", "ಮಲೆನಾಡಲ್ಲಿ ಯಾರೋ ಕ್ಯಾನ್ಸರ್‌ಗೆ ಮರದ ಚಕ್ಕೆ ಕೊಡ್ತಾರಂತೆ". ಒಬ್ರಂತೂ ಮಾರ್ಫಿನ್ ಅನ್ನೋ ನೋವಿನ ಮಾತ್ರೆ ಶೀಟ್ ನೋಡಿ ಅಯ್ಯೋ ಇದು ಡ್ರಗ್ಸು, ಚಟ ಹಿಡಿಯುತ್ತೆ ಅಂದ್ಬಿಟ್ರು. ನಾಲ್ಕು ಗಂಟೆಗೊಂದ್ಸಲ ಕೊಡಿ, ನೋವು ಬರ್ಲಿ ಅಂತ ಕಾಯ್ಬೇಡಿ ಅಂತ ಡಾಕ್ಟ್ರು ಬರ್ದಿದ್ರೂ ದೊಡ್ಡಮ್ಮ ಹೆದ್ರಿ ಎರಡು ಡೋಸ್ ಬಿಟ್ರು, ಆ ರಾತ್ರಿ ದೊಡ್ಡಪ್ಪ ನರಳಿದ್ದು ಇಡೀ ಬೀದಿಗೇ ಕೇಳಿಸ್ತು. ಸ್ವಾಮಿ, ಈ ಔಷಧಿ ನೋವಿರೋರಿಗೆ ಸುಲಭವಾಗಿ ಸಿಗ್ಲಿ ಅಂತ 2014ರಲ್ಲಿ ಪಾರ್ಲಿಮೆಂಟೇ ಕಾನೂನು ಸಡಿಲ ಮಾಡಿದೆ, ನೀವ್ಯಾಕೆ ಬಿಗಿ ಮಾಡ್ತೀರಾ?

ಇನ್ನು ಬೆಂಗಳೂರಲ್ಲಿ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರ ಇದೆ, ನಡ್ಸೋದು 1994ರಿಂದ ಇರೋ ಟ್ರಸ್ಟು, ಇಂಥ ಪೇಷಂಟ್‌ಗಳಿಗೆ ಅಂತಾನೇ, ಒಂದ್ ರೂಪಾಯಿ ತಗೊಳಲ್ಲ. ಆದ್ರೆ ಅಲ್ಲಿಗೆ ಸೇರ್ಸಿದ್ರೆ ನಮ್ಮವ್ರ ಬಾಯಲ್ಲಿ ಅದು "ಗಂಡನ್ನ ಬಿಟ್ಬಂದ್ಲಂತೆ" ಆಗುತ್ತೆ. ಹೀಗನ್ನೋರು ಯಾರೂ ಒಂದ್ ದಿನ ಡೈಪರ್ ಬದಲಾಯ್ಸಿಲ್ಲ, ಬೆನ್ನುಹುಣ್ಣು ಆಗ್ದಿರ್ಲಿ ಅಂತ ಎರಡೆರಡು ಗಂಟೆಗೆ ಎದ್ದು ಮಗ್ಗಲು ತಿರುಗಿಸಿಲ್ಲ.

ನಮ್ ಎದುರು ಮನೆ ಟೈಲರ್ ಅಣ್ಣ ಇದ್ರು. ಏನೂ ತರ್ತಿರ್ಲಿಲ್ಲ, ಏನೂ ಕೇಳ್ತಿರ್ಲಿಲ್ಲ. ಮಧ್ಯಾಹ್ನ ಅಂಗಡಿ ಬಾಗ್ಲು ಎಳ್ಕೊಂಡ್ ಬಂದು "ಅಕ್ಕ, ನೀವ್ ಮಲ್ಕೊಳ್ಳಿ, ಐದು ಗಂಟೆವರ್ಗೂ ನಾನಿರ್ತೀನಿ" ಅನ್ನೋರು, ದೊಡ್ಡಪ್ಪನ ಪಕ್ಕ ಕೂತು ಪೇಪರ್ ಓದೋರು. ದೊಡ್ಡಮ್ಮ ಇಡೀ ದಿನದಲ್ಲಿ ನಿದ್ದೆ ಮಾಡಿದ್ದು ಅಷ್ಟೇ ಹೊತ್ತು. ಹಂಗೆ ಹೋಗಿ. ಇಲ್ಲ ಅಂದ್ರೆ ಫೈಲ್ ಹಿಡ್ಕೊಂಡ್ ಆಸ್ಪತ್ರೆ ಕ್ಯೂನಲ್ಲಿ ನಿಂತು ಮಾತ್ರೆ ತಂದ್ಕೊಡಿ.

ಬಾಟ್ಲಿ ಕಥೆ ಹೇಳೋದ್ ಮರ್ತೆ. ಹನ್ನೊಂದು ಉಳಿದಿತ್ತು. ತಿಥಿಗೆ ಬಂದ ಮಕ್ಳಿಗೆ ಕಲಸಿ ಕೊಟ್ವಿ.