ನಾಲ್ಕು ಸರ್ವರ್ ಇದ್ದರೂ ಲೋಡ್ ಎಲ್ಲ ಒಂದರ ಮೇಲೇ ಯಾಕೆ?

[ಸ್ಕ್ರೀನ್: ನಾಲ್ಕು ಸರ್ವರ್‌ಗಳ ಸಿಪಿಯು ಗ್ರಾಫ್. ಒಂದು ಗೆರೆ ಮೇಲೆ, ಮೂರು ತಳದಲ್ಲಿ]

ನಮಸ್ಕಾರ. ಈ ಗ್ರಾಫ್ ನೋಡಿ. ನಾಲ್ಕು ವೆಬ್ ಸರ್ವರ್, ಅವುಗಳ ಮುಂದೆ ಎಂಜಿನ್‌ಎಕ್ಸ್, ಅಂದರೆ ಬಂದ ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ನಮ್ಮ ಲೋಡ್ ಬ್ಯಾಲೆನ್ಸರ್. ಎರಡನೇ ಸರ್ವರ್ ಏದುಸಿರು ಬಿಡುತ್ತಿದೆ, ಉಳಿದ ಮೂರಕ್ಕೆ ಕೆಲಸವೇ ಇಲ್ಲ.

ನಾನು ಇದನ್ನು ಮೊದಲು ನೋಡಿದ್ದು ಆಫೀಸ್‌ನಲ್ಲಿ. ಲೋಡ್ ಬ್ಯಾಲೆನ್ಸರ್ ಅಲ್ಲೇ ಒಳಗಿನ ನೆಟ್‌ವರ್ಕ್‌ನಲ್ಲಿತ್ತು. ಹತ್ತು ಲ್ಯಾಪ್‌ಟಾಪ್ ಇಟ್ಟುಕೊಂಡು ಟೆಸ್ಟ್ ಮಾಡಿದೆವು. ಹತ್ತೂ ಹೋಗಿ ಬಿದ್ದಿದ್ದು ಒಂದೇ ಸರ್ವರ್‌ಗೆ. ಸಂಜೆಯೆಲ್ಲ ರೀಸ್ಟಾರ್ಟ್ ಮಾಡಿದ್ದೇ ಮಾಡಿದ್ದು. ನಿಜ ಹೇಳಬೇಕೆಂದರೆ ಅಲ್ಲಿ ಏನೂ ಕೆಟ್ಟಿರಲಿಲ್ಲ.

ಹಾಗಾಗಿ ಕಾನ್ಫಿಗ್‌ಗೆ ಕೈ ಹಾಕುವ ಮೊದಲು ಎಣಿಸಿ. ಎಂಜಿನ್‌ಎಕ್ಸ್‌ನ ಮಾಮೂಲಿ ಆಕ್ಸೆಸ್ ಲಾಗ್‌ನಲ್ಲಿ ಯಾವ ರಿಕ್ವೆಸ್ಟ್ ಯಾವ ಸರ್ವರ್‌ಗೆ ಹೋಯಿತು ಅನ್ನೋದು ಇರುವುದಿಲ್ಲ. ಲಾಗ್ ಫಾರ್ಮ್ಯಾಟ್‌ಗೆ 'ಅಪ್‌ಸ್ಟ್ರೀಮ್ ಅಡ್ರೆಸ್' ವೇರಿಯಬಲ್, ಅಂದರೆ ರಿಕ್ವೆಸ್ಟ್ ತಲುಪಿದ ಸರ್ವರ್‌ನ ವಿಳಾಸ, ಸೇರಿಸಿ. ಜೊತೆಗೆ ಸ್ಟೇಟಸ್ ಕೋಡ್, ಉತ್ತರ ಬರಲು ಹಿಡಿದ ಸಮಯ, ಕೇಳಿದವರ ಐಪಿ. ಹತ್ತು ನಿಮಿಷದ ಲಾಗ್ ಸಾಕು. ಎಣಿಕೆ ಸಮವಾಗಿದ್ದೂ ಒಂದು ಸರ್ವರ್ ಬಳಲುತ್ತಿದ್ದರೆ ಹಂಚಿಕೆಯಲ್ಲಿ ತಪ್ಪಿಲ್ಲ, ಅದರ ಪಾಲಿಗೆ ಭಾರದ ಕೆಲಸ ಬಂದಿದೆ. ದೊಡ್ಡ ರಿಪೋರ್ಟ್ ತೆಗೆಯುವುದೂ ಒಂದು ರಿಕ್ವೆಸ್ಟೇ, ಲೋಗೋ ತರಿಸುವುದೂ ಒಂದು ರಿಕ್ವೆಸ್ಟೇ ಅಲ್ವಾ?

[ಸ್ಕ್ರೀನ್: ಲಾಗ್. 192.168.1.14, 192.168.1.22, 192.168.1.37. ಎಲ್ಲದರ ಎದುರೂ ಎರಡನೇ ಸರ್ವರ್]

ನಮ್ಮಲ್ಲಿ ಎಣಿಕೆಯೇ ಏರುಪೇರಾಗಿತ್ತು. ಕಾರಣ, ಕಾನ್ಫಿಗ್‌ನಲ್ಲಿದ್ದ 'ಐಪಿ ಹ್ಯಾಶ್' ಅನ್ನುವ ಒಂದೇ ಸಾಲು. ಒಬ್ಬರು ಯಾವಾಗಲೂ ಒಂದೇ ಸರ್ವರ್‌ಗೆ ಹೋಗಲಿ, ಲಾಗಿನ್ ತಪ್ಪದಿರಲಿ ಅಂತ ಹಾಕಿದ್ದು. ಆದರೆ ಅದು ಐಪಿವಿ4 ವಿಳಾಸದ ಮೊದಲ ಮೂರು ಭಾಗವನ್ನು ಮಾತ್ರ ನೋಡುತ್ತದೆ. ಕೊನೆಯ ಭಾಗ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪಿನ್‌ಕೋಡ್‌ನ ಮೊದಲ ಮೂರು ಅಂಕಿ ನೋಡಿ ಕಾಗದ ಬೇರೆ ಮಾಡಿದ ಹಾಗೆ. 560 ಅಂತ ಕಂಡರೆ ಜಯನಗರದ್ದೂ ಮಲ್ಲೇಶ್ವರದ್ದೂ ಒಂದೇ ಚೀಲಕ್ಕೆ. ನಮ್ಮ ಲ್ಯಾಪ್‌ಟಾಪ್‌ಗಳೆಲ್ಲ 192.168.1 ಚೀಲಕ್ಕೆ ಬಿದ್ದವು.

ಲೈವ್ ಸೈಟ್‌ನಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಮುಂದೆ ಇನ್ನೊಂದು ಪ್ರಾಕ್ಸಿಯನ್ನೋ (ನಡುವೆ ನಿಂತು ರಿಕ್ವೆಸ್ಟ್ ದಾಟಿಸುವ ಸರ್ವರ್) ಸಿಡಿಎನ್ ಅನ್ನೋ (ಸೈಟನ್ನು ಜನರಿಗೆ ಹತ್ತಿರದಿಂದ ಕೊಡುವ ಸರ್ವರ್‌ಗಳ ಜಾಲ) ಕೂರಿಸಿದರೆ ಎಂಜಿನ್‌ಎಕ್ಸ್‌ಗೆ ಜನರ ಐಪಿ ಕಾಣುವುದಿಲ್ಲ, ಆ ಪ್ರಾಕ್ಸಿಯ ಐಪಿ ಮಾತ್ರ ಕಾಣುತ್ತದೆ. ಸಾವಿರ ಜನ ಬಂದರೂ ಅದಕ್ಕೆ ಬಂದವನು ಒಬ್ಬನೇ. ಮೊಬೈಲ್ ನೆಟ್‌ವರ್ಕ್‌ನಲ್ಲೂ ಎಷ್ಟೋ ಫೋನ್‌ಗಳು ಒಂದೇ ಐಪಿವಿ4 ವಿಳಾಸದ ಹಿಂದಿರುತ್ತವೆ.

ಪ್ರಾಕ್ಸಿ ಇದ್ದರೆ ಎಂಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್ ಬಳಸಿ, ರಿಕ್ವೆಸ್ಟ್ ಜೊತೆ ಬರುವ 'ಎಕ್ಸ್ ಫಾರ್ವರ್ಡೆಡ್ ಫಾರ್' ಹೆಡರ್‌ನಿಂದ ನಿಜವಾದ ಐಪಿ ತೆಗೆದುಕೊಳ್ಳಿ. ಇಲ್ಲಿ ದಯವಿಟ್ಟು ಜಾಗ್ರತೆ. ನಿಮ್ಮದೇ ಪ್ರಾಕ್ಸಿಯ ವಿಳಾಸಗಳಿಂದ ಬಂದರೆ ಮಾತ್ರ ಆ ಹೆಡರ್ ನಂಬಿ. ಹೊರಗಿನ ಯಾರು ಬೇಕಾದರೂ ಅದರಲ್ಲಿ ಸುಳ್ಳು ಐಪಿ ಬರೆದು ಕಳಿಸಬಹುದು. ಮೂರು ಭಾಗದ ತಾಪತ್ರಯಕ್ಕೆ 'ಹ್ಯಾಶ್' ಅನ್ನುವ ಬೇರೆ ಡೈರೆಕ್ಟಿವ್ (ಕಾನ್ಫಿಗ್ ಸಾಲು) ಇದೆ, ಅದಕ್ಕೆ ಪೂರ್ತಿ ವಿಳಾಸ ಕೊಡಬಹುದು. ನನ್ನನ್ನು ಕೇಳಿದರೆ, ಸೆಷನ್‌ಗಳನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆ ಅನ್ನುವ ಮಾಹಿತಿಯನ್ನು, ಎಲ್ಲ ಸರ್ವರ್‌ಗಳೂ ಓದಬಲ್ಲ ರೆಡಿಸ್‌ನಂಥ ಡೇಟಾ ಸಂಗ್ರಹದಲ್ಲಿ ಒಟ್ಟಿಗೆ ಇಡಿ. ಆಮೇಲೆ ಯಾರು ಯಾವ ಸರ್ವರ್‌ಗೆ ಹೋದರೂ ಲಾಗಿನ್ ಉಳಿಯುತ್ತದೆ, ಐಪಿ ಹ್ಯಾಶ್ ಸಾಲನ್ನೇ ಅಳಿಸಬಹುದು.

[ಸ್ಕ್ರೀನ್: ಮೂರನೇ ಸರ್ವರ್‌ನ ಲಾಗ್. ಸಾಲುಸಾಲಾಗಿ 500, ಸಮಯ 2 ಮಿಲಿಸೆಕೆಂಡ್]

ಇದು ಇನ್ನೊಂದು ಕೇಸ್. ನನಗೆ ಜಾಸ್ತಿ ಭಯ ಇದರದ್ದೇ. ಇಲ್ಲಿರುವುದು 'ಲೀಸ್ಟ್ ಕನೆಕ್ಷನ್' ಪದ್ಧತಿ, ಅಂದರೆ ಕಡಿಮೆ ಕೆಲಸ ಕೈಯಲ್ಲಿರುವ ಸರ್ವರ್‌ಗೆ ಮುಂದಿನ ರಿಕ್ವೆಸ್ಟ್. ಮೂರನೇ ಸರ್ವರ್‌ಗೆ ಡೇಟಾಬೇಸ್ ಸಂಪರ್ಕ ತಪ್ಪಿದೆ. ಬಂದವರಿಗೆಲ್ಲ ತಕ್ಷಣ 500 ಎರರ್ ಕೊಟ್ಟು ಕಳಿಸುತ್ತಿದೆ. ಬ್ಯಾಂಕಿನಲ್ಲಿ ಒಂದು ಕೌಂಟರ್‌ನವರು ಎಲ್ಲರಿಗೂ 'ಆಗಲ್ಲ, ಹೋಗಿ' ಅಂತಿದ್ದರೆ ಅಲ್ಲಿ ಕ್ಯೂ ನಿಲ್ಲುವುದೇ ಇಲ್ಲ. ಹೊಸದಾಗಿ ಬಂದವರು ಖಾಲಿ ಇದೆ ಅಂತ ಅಲ್ಲಿಗೇ ಹೋಗುತ್ತಾರೆ. ಕೆಟ್ಟ ಸರ್ವರ್ ಹೀಗೇ ಟ್ರಾಫಿಕ್ ಎಳೆದುಕೊಳ್ಳುತ್ತದೆ. ಗ್ರಾಫ್‌ನಲ್ಲಿ ಅದರ ಸಿಪಿಯು ತಣ್ಣಗೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಎಂಜಿನ್‌ಎಕ್ಸ್ ತಾನಾಗಿ ಈ 500 ಅನ್ನು ಸರ್ವರ್‌ನ ಸೋಲು ಅಂತ ಎಣಿಸುವುದಿಲ್ಲ. ಯಾವ ತಪ್ಪಾದರೆ ಮುಂದಿನ ಸರ್ವರ್‌ಗೆ ಹೋಗಬೇಕು ಅನ್ನುವ 'ಪ್ರಾಕ್ಸಿ ನೆಕ್ಸ್ಟ್ ಅಪ್‌ಸ್ಟ್ರೀಮ್' ಸಾಲಿನಲ್ಲಿ 500 ಕೂಡ ಸೇರಿಸಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಆ ಸರ್ವರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತದೆ.

ಇನ್ನು ವೆಬ್‌ಸಾಕೆಟ್, ಅಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ತುಂಬ ಹೊತ್ತು ತೆರೆದೇ ಇರುವ ಕನೆಕ್ಷನ್. ಒಂದು ಸರ್ವರ್ ರೀಸ್ಟಾರ್ಟ್ ಮಾಡಿದರೆ ಅದರ ಕನೆಕ್ಷನ್‌ಗಳು ಕಡಿದು, ಮತ್ತೆ ಸೇರುವಾಗ ಬೇರೆಯವಕ್ಕೆ ಹೋಗುತ್ತವೆ. ಅದು ಎದ್ದ ಮೇಲೂ ಅವು ತಾವಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಹೊಸದಾಗಿ ಎದ್ದ ಸರ್ವರ್ ಸುಮ್ನೆ ಕೂತಿದ್ದರೆ ಗಾಬರಿ ಬೇಡ. ಹಳೆಯ ಕನೆಕ್ಷನ್‌ಗಳನ್ನು ಆಗಾಗ ಸ್ವಲ್ಪಸ್ವಲ್ಪವಾಗಿ ಮುಚ್ಚಿಸಿ, ಅವು ಮತ್ತೆ ಸೇರುವಾಗ ಹಂಚಿಕೆಯಾಗುತ್ತವೆ.

[ಸ್ಕ್ರೀನ್: ಸರಿಪಡಿಸಿದ ಮೇಲಿನ ಲಾಗ್]

ಅದೇ ಹತ್ತು ಲ್ಯಾಪ್‌ಟಾಪ್, ಅದೇ ಆಫೀಸ್. ಐಪಿ ಹ್ಯಾಶ್ ತೆಗೆದಾಗಿದೆ. ಬಲಗಡೆಯ ಕಾಲಮ್ ನೋಡಿ: ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು.