ಡಬ್ಲಿನ್‌ನಲ್ಲೂ ಒಂದು ಪರ್ಯಾಯ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಡಬ್ಲಿನ್ ಕ್ಯಾಸಲ್. ಹೆಸರು ಕೋಟೆ ಅಂತ, ಆದರೆ ಹಳೇ ಕೋಟೆಯ ಕಳೆ ಇರುವುದು ಅಗೋ ಆ ದುಂಡು ಗೋಪುರಕ್ಕೆ ಮಾತ್ರ. ಬ್ರಿಟಿಷರು ಐರ್ಲೆಂಡನ್ನು ಆಳಿದ್ದು ಇಲ್ಲಿಂದಲೇ. 1922ರ ಜನವರಿಯಲ್ಲಿ ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕಲ್ ಕಾಲಿನ್ಸ್ ಕೈಗೆ ಒಪ್ಪಿಸಿ ಹೊರಟರು. ಈಗ 2026ರ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಯುರೋಪಿಯನ್ ಯೂನಿಯನ್ನಿನ ಮಂತ್ರಿಗಳ ಸಭೆಗೆ ಇದೇ ಪುಟ್ಟ ದೇಶ ಅಧ್ಯಕ್ಷ. ಇದು ಎಂಟನೇ ಸಲ.

ನಾನು ಉಡುಪಿಯವಳು. ಸರದಿ ಪ್ರಕಾರ ಅಧ್ಯಕ್ಷತೆ ಅಂದ ಕೂಡಲೇ ನನಗೆ ನೆನಪಾದದ್ದು ಪರ್ಯಾಯ. ನಮ್ಮಲ್ಲಿ ಎಂಟು ಮಠ, ಎರಡೆರಡು ವರ್ಷ, ಹದಿನಾರು ವರ್ಷಕ್ಕೆ ಒಂದು ಸುತ್ತು. ಇಲ್ಲಿ 27 ದೇಶ, ಆರಾರು ತಿಂಗಳು. ಅಂದರೆ ಹದಿಮೂರೂವರೆ ವರ್ಷ. ಐರ್ಲೆಂಡಿನ ಹಿಂದಿನ ಸರದಿ ಶುರುವಾದದ್ದು 2013ರ ಜನವರಿಯಲ್ಲಿ. ಲೆಕ್ಕ ಸರಿಹೋಯಿತು, ಅಲ್ವಾ?

ಪರ್ಯಾಯಕ್ಕೆ ಎಷ್ಟೋ ತಿಂಗಳು ಮೊದಲೇ ಬಾಳೆ ಮುಹೂರ್ತ ಆಗುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಚಿಕ್ಕವಳಿದ್ದಾಗ ರಥದ ಹಾಗೆ ಒಟ್ಟಿದ ಕಟ್ಟಿಗೆ ನೋಡಲು ಅಜ್ಜಿಯ ಜೊತೆ ಹೋಗುತ್ತಿದ್ದೆ. ಇಲ್ಲಿ ಒಟ್ಟುವುದು ಅಧಿಕಾರಿಗಳನ್ನು. ಬ್ರಸೆಲ್ಸ್‌ನ ಐರಿಷ್ ಕಚೇರಿಗೆ ಜನ ಸೇರಿಸುವುದೇ ದೊಡ್ಡ ತಯಾರಿ. ಯಾಕೆಂದರೆ ಮಂತ್ರಿಗಳ ಸಭೆಯ ಕೆಳಗೆ 150ಕ್ಕೂ ಹೆಚ್ಚು ಸಮಿತಿಗಳಿವೆ. ಒಂದೊಂದು ಕಾನೂನನ್ನೂ ಸಾಲು ಸಾಲಾಗಿ ಜಗ್ಗಾಡುವುದು ಅಲ್ಲಿ. ಯಾವ ದೇಶ ಯಾವ ಸಾಲಿಗೆ ತಕರಾರು ತೆಗೆಯುತ್ತದೆ ಅಂತ ಅಧ್ಯಕ್ಷರಿಗೆ ಮೊದಲೇ ಗೊತ್ತಿರಬೇಕು. ಟಿವಿಯಲ್ಲಿ ಕಾಣುವ ಕೈಕುಲುಕಾಟ ಕೊನೆಯ ಐದು ನಿಮಿಷದ್ದು.

ಹಾಗಂತ ಇವರು ಯುರೋಪಿಗೇ ಯಜಮಾನರಲ್ಲ. ದೇಶಗಳ ಮುಖ್ಯಸ್ಥರ ಸಭೆಗೆ ಬೇರೆಯೇ ಅಧ್ಯಕ್ಷರಿದ್ದಾರೆ, ಪೋರ್ಚುಗಲ್‌ನ ಆಂಟೋನಿಯೊ ಕೋಸ್ಟಾ. ಅವರ ತಂದೆಯ ಮನೆತನ ಗೋವಾದ ಮಡಗಾಂವ್‌ನದು, ನಮ್ಮ ಕರಾವಳಿಯ ನೆಂಟರು ಅನ್ನಿ! ವಿದೇಶಾಂಗ ಮಂತ್ರಿಗಳ ಸಭೆಯನ್ನು ನಡೆಸುವವರೂ ಬೇರೆ. ಐರ್ಲೆಂಡಿಗೆ ಸಿಗುವುದು ಕೃಷಿ, ಮೀನುಗಾರಿಕೆ, ಹಣಕಾಸು, ಪರಿಸರದಂಥ ಸಭೆಗಳು.

ಮಜಾ ಇರುವುದು ಇಲ್ಲೇ. ಪಂಕ್ತಿಯಲ್ಲಿ ಬಡಿಸುವವರು ಮೊದಲು ತಮ್ಮ ಎಲೆಗೇ ಸುರಿದುಕೊಳ್ಳುವ ಹಾಗಿಲ್ಲ. ಆದರೆ ಈ ಆರು ತಿಂಗಳಲ್ಲಿ ಮೇಜಿನ ಮೇಲಿರುವುದು 2028ರಿಂದ 2034ರವರೆಗಿನ ಯೂನಿಯನ್ ಬಜೆಟ್. ರೈತರಿಗೆ ಎಷ್ಟು ಕೊಡಬೇಕು ಅನ್ನುವುದೂ ಅದರಲ್ಲೇ ಇದೆ. ಐರ್ಲೆಂಡಿನ ಹಳ್ಳಿ ಕಡೆ ಒಂದು ಸುತ್ತು ಬಂದರೆ ಸಾಕು, ದನ ಕುರಿ ಸಾಕುವವರಿಗೆ ಆ ದುಡ್ಡು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ. ತನ್ನ ರೈತರ ಪರವಾಗಿಯೂ ಕೇಳಬೇಕು, 27 ದೇಶಗಳನ್ನೂ ಒಪ್ಪಿಸಬೇಕು. 2013ರಲ್ಲೂ ಇದೇ ಪೇಚಾಟ. ಆಗ ಬಜೆಟ್ಟೂ ಕೃಷಿ ನೀತಿಯೂ ಒಪ್ಪಂದಕ್ಕೆ ಬಂದದ್ದು ಜೂನ್ ಕೊನೇ ವಾರ, ಸರದಿ ಮುಗಿಯಲು ಬೆರಳೆಣಿಕೆಯ ದಿನ ಇದ್ದಾಗ!

ನನಗೆ ಖುಷಿ ಕೊಟ್ಟ ಇನ್ನೊಂದು ವಿಷಯ. ಐರಿಷ್ ಭಾಷೆ 2007ರಲ್ಲಿ ಯೂನಿಯನ್ನಿನ ಅಧಿಕೃತ ಭಾಷೆಯಾದರೂ ಎಲ್ಲ ಕಾಗದಗಳೂ ಅದರಲ್ಲಿ ಬರುತ್ತಿರಲಿಲ್ಲ. ಪೂರ್ತಿ ಸ್ಥಾನ ಸಿಕ್ಕಿದ್ದು 2022ರಲ್ಲಿ. ಅದಾದ ಮೇಲೆ ಐರ್ಲೆಂಡಿಗೆ ಇದೇ ಮೊದಲ ಸರದಿ. ಆಮೇಲೆ ಲಿಥುವೇನಿಯಾ, ಅದರ ನಂತರ ಗ್ರೀಸ್.

ಬನ್ನಿ, ಕ್ಯಾಸಲ್ ಹಿಂದಿನ ಹುಲ್ಲುಹಾಸಿಗೆ. ಇಲ್ಲೊಂದು ಕಪ್ಪು ನೀರಿನ ಕೊಳ ಇತ್ತಂತೆ. ಐರಿಷ್‌ನಲ್ಲಿ ಡುವ್ ಲಿನ್. ಅದೇ ಡಬ್ಲಿನ್ ಆಯಿತು. ಅಯ್ಯೋ, ಮಳೆ ಶುರುವಾಯಿತು. ಕ್ಯಾಮೆರಾ ಒಳಗಿಡುತ್ತೇನೆ.